ಕೇಳುವವರಿಗೂ ಅಂಕ

ರಾತ್ರಿ ಹೈದರಾಬಾದ್ ರಾಜ್ಯದಲ್ಲಿ ಮಲಗಿದ್ದ ನಾವು ಬೆಳಿಗ್ಗೆ ಮೈಸೂರು ರಾಜ್ಯದಲ್ಲಿ ಎದ್ದಿದ್ದೆವು. ಹಾಸಿಗೆ ಕೂಡ ಆಚೀಚೆ ಸರಿದಿರಲಿಲ್ಲ. ಬೀದರಿನ ಅಂಚಿನ ಮೈಲೂರಿನಲ್ಲಿ ನಮ್ಮ ಮನೆಯ ಮುಂದೆ ಅದೇ ಕೆಂಪು ಮಣ್ಣಿನ ದಾರಿ, ಅದೇ ಬೇವಿನ ಮರ, ಹಾಲು ತರುವ ಅದೇ ಮುದುಕ. 1956ರ ಆ ಚಳಿಗಾಲವನ್ನೆಲ್ಲ ಅರೆನಿದ್ದೆಯಲ್ಲಿ ಕಳೆದಂತೆ ನನಗೆ ನೆನಪು. ಬೀದರಿನ ಅಂಗಡಿಗಳ ಮೇಲೆ ಉರ್ದು ಅಕ್ಷರಗಳು ಹಾಗೆಯೇ ಇದ್ದವು. ಅವುಗಳ ಕೆಳಗೆ ಕನ್ನಡದ ಅಕ್ಷರಗಳು ದಿನಕ್ಕೊಂದು ಅಂಗಡಿಯಂತೆ ಮೂಡುತ್ತಿದ್ದವು. ಬಣ್ಣ ಇನ್ನೂ ಒಣಗದ ಆ ಅಕ್ಷರಗಳನ್ನು ಓದುತ್ತ ಶಾಲೆಗೆ ನಡೆಯುತ್ತಿದ್ದೆ. ಒಮ್ಮೆ ಹೀಗೆ ಮುಖ ಮೇಲೆತ್ತಿ ನಡೆಯುತ್ತ ಟಾಂಗಾಕ್ಕೆ ಅಡ್ಡ ಹೋಗಿ, ಟಾಂಗಾದವನಿಂದ ಚೆನ್ನಾಗಿ ಬೈಸಿಕೊಂಡೆ.

ನಾನಾಗ ಹುಡುಗಿಯರ ಶಾಲೆಯೊಂದರಲ್ಲಿ ಹೊಸ ಶಿಕ್ಷಕಿ. ಕಲಿತದ್ದೆಲ್ಲ ಉರ್ದುವಿನಲ್ಲಿ. ಕನ್ನಡದ ಓದು ನನಗೆ ಬಂದದ್ದು ಓಣಿಯ ಮಠದಲ್ಲಿ, ಸಂಜೆಯ ಪುರಾಣಕ್ಕೆ ಅಪ್ಪನ ಪಕ್ಕ ಕೂತು ಕೂತು. ಅಲ್ಲಿ ಒಬ್ಬರು ಓದುತ್ತಿದ್ದರು, ಇನ್ನೊಬ್ಬರು ಅದರ ಅರ್ಥ ಹೇಳುತ್ತಿದ್ದರು. ಉಳಿದವರು ಕೇಳಬೇಕು. ಕೇಳುವುದೆಂದರೆ ಸುಮ್ಮನೆ ಕೂರುವುದಲ್ಲ. ಹೂಂ ಅನ್ನಬೇಕು, ತಿಳಿಯದಿದ್ದರೆ ತಡೆದು ಕೇಳಬೇಕು. ಹೂಂ ನಿಂತರೆ ಓದುವವರು ಕನ್ನಡಕ ತೆಗೆದು, “ಎಲ್ಲಾರು ಮಲ್ಕೊಂಡ್ರೇನು?” ಅನ್ನುತ್ತಿದ್ದರು.

ಜಿಲ್ಲೆಯ ಶಾಲೆಗಳಿಗೆ ಕನ್ನಡ ಓದುವ ಸ್ಪರ್ಧೆ ಏರ್ಪಡಿಸಿ ಎಂದು ಮೇಲಿನಿಂದ ಹೇಳಿಕಳಿಸಿದಾಗ ನಮ್ಮ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದರು. ಉರ್ದು ಮನೆಮಾತಿನ ಅವರನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. “ಬೇಟಿ, ಇದು ನಿನ್ನ ಕೆಲಸ. ನಾ ಕುರ್ಚಿ ಹಾಕಸ್ತೇನಿ, ಚಹಾ ಮಾಡಸ್ತೇನಿ. ಕನ್ನಡ ನೀ ನೋಡ್ಕೋ,” ಎಂದರು.

ಪುಸ್ತಕಗಳು ಬಂದದ್ದು ಶಾಲೆಗೊಂದರಂತೆ. ಮಕ್ಕಳಲ್ಲಿ ಒಬ್ಬಳ ಮನೆಯಲ್ಲಿ ಮರಾಠಿ, ಇನ್ನೊಬ್ಬಳ ಮನೆಯಲ್ಲಿ ಉರ್ದು, ಮತ್ತೊಬ್ಬಳ ಮನೆಯಲ್ಲಿ ತೆಲುಗು. ಒಬ್ಬೊಬ್ಬರನ್ನೇ ನಿಲ್ಲಿಸಿ ಓದಿಸಿದರೆ ಅರ್ಧ ಮಕ್ಕಳು ಅಳುತ್ತಾರೆಂದು ನನಗೆ ಗೊತ್ತಿತ್ತು. ಹಾಗಾಗಿ ಮಠದ ಪುರಾಣವನ್ನೇ ಶಾಲೆಗೆ ತಂದೆ. ಮೂವರ ತಂಡ: ಒಬ್ಬಳು ಓದಬೇಕು, ಒಬ್ಬಳು ತನ್ನ ಮನೆಮಾತಿನಲ್ಲಿ ಅರ್ಥ ಹೇಳಬೇಕು, ಒಬ್ಬಳು ಕೇಳಬೇಕು. ಮೂವರಿಗೂ ಸಮನಾದ ಅಂಕ.

ತೀರ್ಪು ಕೊಡಲು ಹಳೇ ಮೈಸೂರಿನ ಕಡೆಯಿಂದ ಒಬ್ಬ ಅಧಿಕಾರಿ ಬಂದಿದ್ದರು. ತೆಳ್ಳಗಿನ, ನಯವಾದ ಮಾತಿನ ಮನುಷ್ಯ. ನನ್ನ ನಿಯಮಗಳನ್ನು ಓದಿ, “ಕೇಳೋದಕ್ಕೂ ಅಂಕ ಕೊಡೋದೇನಮ್ಮಾ?” ಎಂದರು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. “ಕೇಳಾವ್ರು ಇಲ್ದ ಓದೂದು ಯಾರಿಗ್ರಿ ಸರ್? ಗ್ವಾಡಿಗೇನ್ರಿ?” ಎಂದುಬಿಟ್ಟೆ. ಆಪಾ ಗಾಬರಿಯಾಗಿ ಚಹಾ ತರಲು ಕೂಗಿದರು. ಅಧಿಕಾರಿ ಮಾತ್ರ ನನ್ನ ಹಿಂದಿದ್ದ ಗೋಡೆಯನ್ನೊಮ್ಮೆ ನೋಡಿ, ನಕ್ಕು, ಕಾಗದದ ಕೆಳಗೆ ಸಹಿ ಹಾಕಿದರು.

ಸ್ಪರ್ಧೆಯ ದಿನ ಮಂಜು ಬಿದ್ದಿತ್ತು. ಕೋಟೆಯ ಗೋಡೆ ಅರ್ಧ ಇತ್ತು, ಅರ್ಧ ಇರಲಿಲ್ಲ. ಭಾಲ್ಕಿಯ ಹುಡುಗಿಯರು ಬೆಳಗಿನ ರೈಲಿಗೆ ಬಂದಿಳಿದರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಗಳ ಮೇಲೆ ಇಂಜಿನ್ನಿನ ಮಸಿ. ಔರಾದಿನ ಬಸ್ಸು ತಡವಾಗಿ ಬಂತು. ಆ ಶಾಲೆಗೆ ಇದ್ದದ್ದು ಒಬ್ಬರೇ ಮಾಸ್ತರರು, ಶಾಲೆ ಮುಚ್ಚಿ ಬರುವ ಹಾಗಿರಲಿಲ್ಲ. ಬಸ್ಸಿನಿಂದ ಇಳಿದವರು ಇಬ್ಬರು ಹುಡುಗಿಯರು, ಅವರ ಹಿಂದೆ ರೊಟ್ಟಿಯ ಗಂಟು ಹಿಡಿದ ಒಬ್ಬ ಮುದುಕಿ. ಅವರಲ್ಲಿ ಓದುವ ಹುಡುಗಿಗೆ ಆಕೆ ಅಜ್ಜಿ. ಹುಡುಗಿಯರಿಬ್ಬರೂ ಆಕೆಯನ್ನು ಆಯಿ ಎಂದು ಕರೆಯುತ್ತಿದ್ದರು.

“ಇನ್ನೊಬ್ಬಾಕಿ ಎಲ್ಲಿ?” ಎಂದು ಕೇಳಿದೆ.

“ಜ್ವರ ಬಂದಾವ್ರಿ ಬಾಯಾರೆ, ಎದ್ದಿಲ್ಲ. ಇವ್ರಿಬ್ರನ್ನ ಕರ್ಕೊಂಡ್ ಬಂದೀನಿ,” ಎಂದರು ಆಯಿ. ಆಮೇಲೆ, ಮಳೆಯ ಬಗ್ಗೆ ಹೇಳುವಷ್ಟೇ ಸಲೀಸಾಗಿ, “ಲಗೂನ ಮುಗಿಸಿ ಕಳಸ್ರಿ. ಇದ ಕಡೀದು. ನಾಳಿಂದ ಈಕಿ ಸಾಲಿ ಬಂದ್. ಲಗ್ನದ ಮಾತಾಗ್ಯದ,” ಎಂದರು.

ಮೊಮ್ಮಗಳು ಇನ್ನೂ ಲಂಗ ತುಳಿದು ಮುಗ್ಗರಿಸುವ ವಯಸ್ಸಿನವಳು. ಪುಸ್ತಕವನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

“ಇಷ್ಟ್ ಜಲ್ದಿ ಯಾಕ್ರಿ? ಏಳನೇತ್ತಿ ಆದ್ರೂ ಮುಗಿಸ್ಲಿ,” ಎಂದೆ.

“ಓದಿ ಏನ್ ಮಾಡ್ತಾಳ್ರಿ? ನನಗ ಒಂದಕ್ಷರ ಬರಂಗಿಲ್ಲ. ನಾ ಬದುಕಿಲ್ಲೇನು?”

ನನ್ನ ಬಾಯಿಗೆ ಉತ್ತರಗಳು ನುಗ್ಗಿ ಬಂದವು, ಒಂದಕ್ಕಿಂತ ಒಂದು ಕಟುವಾದವು. ಆಪಾ ಹಿಂದಿನಿಂದ ನನ್ನ ಸೆರಗು ಜಗ್ಗಿದರು. ನುಂಗಿಕೊಂಡೆ. ಆ ಮಗುವಿನ ಕಡೆಯ ಶಾಲೆಯ ದಿನವನ್ನು ನಾನೇ ಕುರ್ಚಿ ಹಾಕಿಸಿ ಏರ್ಪಡಿಸಿದ್ದೇನೆ ಅನ್ನಿಸಿತು.

ಅಷ್ಟರ ಮೇಲೆ ಅಧಿಕಾರಿ, “ಇಬ್ಬರೇ ಇದ್ದರೆ ಆಗೋದಿಲ್ವಲ್ಲ. ಮೂವರಿರಬೇಕು ಅಂತ ನೀವೇ ಬರೆದಿದ್ದೀರಿ,” ಎಂದರು. ನಾನು ಮಾಡಿದ ನಿಯಮ ನನ್ನ ಕಾಲಿಗೇ ತೊಡರಿತ್ತು.

ಆಪಾ ಬಾಗಿಲ ಕಡೆ ಕೈ ತೋರಿಸಿದರು. “ಕೇಳ್ಲಾಕ ಒಬ್ರು ಬೇಕಲ್ಲ ಸಾಬ್? ಅಲ್ಲಿ ಕುಂತಾರಲ್ಲ.”

ಬಾಗಿಲ ಬಳಿ ಆಯಿ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟು ಕೂತಿದ್ದರು. ಅಧಿಕಾರಿ ತುಸು ಯೋಚಿಸಿದರು. “ಅಜ್ಜಿ ವಿದ್ಯಾರ್ಥಿನಿ ಅಲ್ಲ. ಅಂಕ ಕೊಡೋಕಾಗೋದಿಲ್ಲ. ಆದರೆ ಅಷ್ಟು ದೂರದಿಂದ ಬಂದಿದ್ದಾರೆ, ಓದಲಿ,” ಎಂದರು. ಒಳ್ಳೆಯ ಮನುಷ್ಯ. ಹೀಗೆ ಆಯಿ ಎದ್ದು ಬಂದು ಮೊಮ್ಮಗಳ ಎದುರು ಜಮಖಾನೆಯ ಮೇಲೆ ಕೂತರು, ಮುಖವನ್ನು ಮಾತ್ರ ಕಿಟಕಿಯ ಕಡೆ ತಿರುಗಿಸಿಕೊಂಡು.

ಆ ಹೊತ್ತು ಈಗಲೂ ನನಗೆ ಕನಸಿನ ಹಾಗೆ ಬಂದು ಹೋಗುತ್ತದೆ. ಮಂಜು ಕರಗಿ ಎತ್ತರದ ಕಿಟಕಿಗಳಿಂದ ಬಿಸಿಲು ಇಳಿಯುತ್ತಿತ್ತು. ಬಿಸಿಲಿನಲ್ಲಿ ಜಮಖಾನೆಯ ಧೂಳು ನಿಧಾನವಾಗಿ ಏರುತ್ತಿತ್ತು. ಸೂರಿನಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಹುಡುಗಿ ಓದತೊಡಗಿದಳು. ಬಾವಿ ತೋಡುವವನ ಮಗಳ ಕಥೆ ಅದು. ಅಪ್ಪ ಜ್ವರದಿಂದ ಮಲಗಿದಾಗ ಮಗಳು ಒಬ್ಬಳೇ ಹಗ್ಗ ಹಿಡಿದು ಅರ್ಧ ತೋಡಿದ ಬಾವಿಗೆ ಇಳಿಯುತ್ತಾಳೆ. ಹುಡುಗಿ ಒಂದು ಸಾಲು ಓದುವುದು, ಜೊತೆಯವಳು ಅದನ್ನು ಮರಾಠಿ ಬೆರೆತ ತಮ್ಮೂರ ಮಾತಿನಲ್ಲಿ ಬಿಡಿಸಿ ಹೇಳುವುದು. ಓದು ನಡೆಯುತ್ತ ನಡೆಯುತ್ತ ಶಾಲೆಯ ದೊಡ್ಡ ಹಾಲ್ ತಣ್ಣಗಾದಂತೆ, ನಾವೆಲ್ಲ ಕೆಳಕ್ಕೆ ಇಳಿಯುತ್ತಿರುವಂತೆ ನನಗೆ ಅನ್ನಿಸಿತು.

ಎಲ್ಲಿಂದಲೋ ಒಂದು “ಹೂಂ” ಕೇಳಿತು. ನೋಡಿದರೆ ಆಯಿಯ ಮುಖ ಕಿಟಕಿಯಿಂದ ಈ ಕಡೆ ತಿರುಗಿತ್ತು.

ಇನ್ನೆರಡು ಸಾಲು. “ಹೂಂ. ತಡಿ, ನೀರು ಎಷ್ಟಿತ್ತು?”

“ಮೊಣಕಾಲ ತನಕ,” ಎಂದಳು ಹುಡುಗಿ, ಪುಸ್ತಕದಿಂದ ಕಣ್ಣೆತ್ತದೆ.

“ಥಂಡಿ ಇರ್ತಾವ ತಳದಾಗಿನ ನೀರು. ಅಪ್ಪಗ ಹೇಳಿ ಇಳದಾಳೇನು?”

“ಇಲ್ಲ ಆಯಿ. ಹೇಳಿದ್ರ ಬಿಡತಿದ್ದಿಲ್ಲ.”

“ಬಿಡತಿದ್ದಿಲ್ಲ,” ಎಂದರು ಆಯಿ ಮೆಲ್ಲಗೆ. “ಹೂಂ, ಮುಂದ ಓದು.”

ಆ ಅಜ್ಜಿ ಮೊಮ್ಮಗಳು ಅಷ್ಟು ಹೊತ್ತು ಎದುರುಬದುರು ಕೂತು ಮಾತಾಡಿದ್ದು ಅದೇ ಮೊದಲಿರಬೇಕು. ಇಬ್ಬರ ಪಾಲಿಗೂ ಹಾಲ್‌ನಲ್ಲಿ ಬೇರೆ ಯಾರೂ ಇರಲಿಲ್ಲ. ಬಾವಿಯ ತಳದಲ್ಲಿ ಕಥೆಯ ಹುಡುಗಿಯ ಕೈಗೆ ಒಂದು ಕಲ್ಲಿನ ಬಾಗಿಲು ತಗಲುತ್ತದೆ. ಅವಳು ಭುಜ ಕೊಟ್ಟು ನೂಕುತ್ತಾಳೆ. ಬಾಗಿಲು ಸರಿಯುತ್ತದೆ. ಅಷ್ಟಕ್ಕೆ ಅಧಿಕಾರಿ ಗಂಟೆ ಬಾರಿಸಿದರು. ಎಲ್ಲ ತಂಡಕ್ಕೂ ನಾನು ಗುರುತು ಹಾಕಿ ಕೊಟ್ಟದ್ದು ಅಲ್ಲಿಯವರೆಗೆ ಮಾತ್ರ.

ಹುಡುಗಿ ಪುಸ್ತಕ ಮುಚ್ಚಿದಳು. ಆಯಿ ಏಳಲಿಲ್ಲ.

“ಗಂಟಿ ಯಾಕ ಹೊಡದ್ರಿ?” ಎಂದರು ಅಧಿಕಾರಿಗೆ. “ಆ ಪೋರಿ ಇನ್ನಾ ಬಾವ್ಯಾಗ ಅದಾಳ!”

ಹಾಲ್ ಗೊಳ್ಳೆಂದು ನಕ್ಕಿತು. ಅಧಿಕಾರಿಯೂ ನಕ್ಕರು. ಆಯಿ ಮಾತ್ರ ನಗಲಿಲ್ಲ. ಅವರನ್ನು ಎಬ್ಬಿಸಲು ಆಪಾ ಕೈ ಹಿಡಿಯಬೇಕಾಯಿತು.

ಬಹುಮಾನ ಭಾಲ್ಕಿಯವರಿಗೆ ಹೋಯಿತು. ಚೆನ್ನಾಗಿಯೇ ಓದಿದ್ದರು, ತಕರಾರಿಲ್ಲ. ನನ್ನ ಲಕ್ಷ್ಯವೆಲ್ಲ ಔರಾದಿನ ಬಸ್ಸಿನ ಮೇಲಿತ್ತು. ಆ ಬಸ್ಸು ಹೊರಟರೆ ಹುಡುಗಿಯ ಶಾಲೆ ಮುಗಿದಂತೆ. ಏನಾದರೂ ಹೇಳಬೇಕೆಂದು ಬಸ್ ನಿಲ್ದಾಣದವರೆಗೂ ಅವರೊಂದಿಗೆ ನಡೆದೆ. ಆಯಿ ಬಸ್ಸಿನ ಹತ್ತಿರ ನಿಂತು ಮೊಮ್ಮಗಳನ್ನು ಕೇಳಿದರು: “ಬಾಗಿಲದ ಆಚಿ ಏನಿತ್ತ?”

“ನನಗ ಗೊತ್ತಿಲ್ಲ ಆಯಿ. ಪುಸ್ತಕ ಸಾಲಿ ಕಪಾಟಿನಾಗ ಇಡಬೇಕು. ಮಾಸ್ತರು ಶನಿವಾರಕ್ಕೊಮ್ಮಿ ಒಂದೊಂದ ಪಾಠ ಓದಸ್ತಾರ.”

ಆಯಿ ನನ್ನ ಕಡೆ ತಿರುಗಿದರು. “ಭಾಳ ದೊಡ್ಡದೇನ್ರಿ ಬಾಯಾರೆ, ಆ ಕಥಿ?”

ಅದು ಒಂದು ಬೆರಳಿನಷ್ಟೂ ದಪ್ಪವಿಲ್ಲದ ಪುಸ್ತಕ. “ಭಾಳ ದೊಡ್ಡದ್ರಿ,” ಎಂದೆ. “ಇದು ಮುಗಿದ್ರ ಅದರ ಹಿಂದ ಇನ್ನೊಂದ್ ಅದ. ನಾ ಕಳಸ್ತೇನಿ.” ಇಷ್ಟು ಸುಖವಾಗಿ ನಾನು ಜನ್ಮದಲ್ಲಿ ಸುಳ್ಳು ಹೇಳಿರಲಿಲ್ಲ.

ಕಂಡಕ್ಟರ್ ಕೂಗತೊಡಗಿದ. ಆಯಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತರು. “ಹಾಂಗಾದ್ರ ಲಗ್ನ ಆಮ್ಯಾಲ ನೋಡೂಣು. ಮೊದ್ಲು ಆಕಿ ಮ್ಯಾಲ ಬರ್ಲಿ,” ಎಂದರು. ಯಾರು ಮೇಲೆ ಬರಬೇಕೆಂದು ನಾನು ಕೇಳಲಿಲ್ಲ. ಹುಡುಗಿ ಕಿಟಕಿಯಿಂದ ಕೈ ಬೀಸಿದ್ದು ಧೂಳಿನಲ್ಲಿ ಸ್ವಲ್ಪ ಹೊತ್ತು ಕಂಡಿತು. ನಿಂತಲ್ಲೇ ಅತ್ತೆ. ಸಂತೋಷಕ್ಕೆ ಅತ್ತೆ.

ಆಮೇಲೆ ನಾನು ಸಿಕ್ಕಸಿಕ್ಕಲ್ಲಿ ಪುಸ್ತಕ ಬೇಡಿ ಔರಾದಿಗೆ ಕಳಿಸಿದೆ. ಅಲ್ಲಿಯ ಮಾಸ್ತರರು ಬೀದರಿಗೆ ಬಂದಾಗಲೆಲ್ಲ ಸುದ್ದಿ ಹೇಳುತ್ತಿದ್ದರು. ಶನಿವಾರ ಆಯಿ ಶಾಲೆಯ ಕಟ್ಟೆಗೆ ಬಂದು ಕೂರುತ್ತಾರಂತೆ. ಈಗೀಗ ಓಣಿಯ ಹೆಂಗಸರೂ ಜೋಳ ಹಸನು ಮಾಡುವ ಮೊರ ಹಿಡಿದೇ ಬರುತ್ತಾರಂತೆ. ಹುಡುಗಿ ಏಳನೆಯದನ್ನು ಪಾಸು ಮಾಡಿದಳು. ಭಾಲ್ಕಿಯ ಹೈಸ್ಕೂಲಿಗೆ ಹೋಗಬೇಕೆಂದು ಹಠ ಹಿಡಿದಳು. ಅಷ್ಟರಲ್ಲಿ ಮೊದಲು ಲಗ್ನದ ಮಾತಾಡಿದ್ದ ಗಂಡಿನವರು ಕಮಲನಗರದಿಂದ ಮತ್ತೆ ಬಂದರು. ಇನ್ನೆಷ್ಟು ದಿನ ಕಾಯಿಸುತ್ತೀರಿ ಎಂದು ಕೇಳುವುದು ಅವರ ಮಟ್ಟಿಗೆ ನ್ಯಾಯವೇ.

ಆಯಿ ಒಳಗಿನಿಂದ ಒಂದು ಪುಸ್ತಕ ತಂದು ಮದುವೆಯ ಹುಡುಗನ ಕೈಗೆ ಕೊಟ್ಟರಂತೆ. “ಒಂದ್ ಪುಟ ಓದ್ರಿ, ಕೇಳೂಣು,” ಎಂದು ಅವನೆದುರು ಕೂತರಂತೆ.

ಪಾಪ, ಅವನಿಗೆ ಕನ್ನಡ ಕಲಿಸಿದವರೇ ಇರಲಿಲ್ಲ; ಅದು ಅವನ ತಪ್ಪಲ್ಲ. ಆದರೂ ಇದನ್ನು ಕೇಳಿದ ದಿನ ನಾನು ಕುಣಿಯುವುದೊಂದು ಬಾಕಿ. ಎರಡು ಸಾಲು ತಡವರಿಸಿ, ಮೂರನೆಯದಕ್ಕೆ ಅವನು ಬೆವರೊರೆಸಿಕೊಂಡು ಕುಡಿಯಲು ನೀರು ಕೇಳಿದನಂತೆ. ಆಯಿ ನೀರು ಕೊಟ್ಟರು. ಹುಡುಗಿಯನ್ನು ಕೊಡಲಿಲ್ಲ.