ಆಂಟೆನಾ ಬಾವುಟವಲ್ಲ

ನಮ್ಮಣ್ಣ ಫೆಲಿಮ್ ಮೆಗ್ಲಿಂಚಿ ಐವತ್ತೆರಡು ವರ್ಷ ಸ್ಟ್ರಬಾನ್ ಊರಿನ ಸೂರುಗಳನ್ನು ಹತ್ತಿ ಆಂಟೆನಾ ಕಟ್ಟಿದವನು. ಅಂಥವನ ಹೆಂಡತಿಗೆ ಅವಳ ಕೊನೆಗಾಲದಲ್ಲಿ ಒಂದೇ ಒಂದು ಆಂಟೆನಾ ಕಟ್ಟಲು ಬಿಡುವುದಿಲ್ಲ ಅಂದರು. ಇದನ್ನು ಬರೆಯಲು ಕೂತಿದ್ದೇನೆ. ಹೊತ್ತು ಹೋಗದ್ದಕ್ಕಲ್ಲ, ಸಿಟ್ಟಿಗೆ.

ಫಾಯ್ಲ್ ಹೊಳೆಯ ಈಚೆ ನಾವು, ಬ್ರಿಟನ್ನಿನ ಲೆಕ್ಕದವರು. ಸೇತುವೆ ದಾಟಿದರೆ ಲಿಫರ್ಡ್, ಡಬ್ಲಿನ್ ಆಳುವ ಬೇರೆ ದೇಶ. ಅದನ್ನು ನಾವು ‘ದಕ್ಷಿಣ’ ಅನ್ನುತ್ತೇವೆ, ಅದಿರುವುದು ಪಶ್ಚಿಮಕ್ಕೆ. ಇಲ್ಲಿ ಹುಟ್ಟಿದವರಿಗೆ ಅದರಲ್ಲಿ ತಮಾಷೆ ಏನೂ ಕಾಣುವುದಿಲ್ಲ. ನಾನು ಹುಡುಗಿಯಾಗಿದ್ದಾಗ ಬೀದಿಯಲ್ಲಿ ನಿಂತು ಮೇಲೆ ನೋಡಿದರೆ ಸಾಕಿತ್ತು, ಆಂಟೆನಾ ಯಾವ ಗುಡ್ಡಕ್ಕೆ ಮುಖ ಮಾಡಿದೆ ಎನ್ನುವುದರ ಮೇಲೆ ಆ ಮನೆಯವರು ಭಾನುವಾರ ಯಾವ ಚರ್ಚಿಗೆ ಹೋಗುತ್ತಾರೆ ಎಂದು ಹೇಳಿಬಿಡಬಹುದಿತ್ತು. ಡಬ್ಲಿನ್ನಿನ ಪ್ರಸಾರ ಬರುವ ಗುಡ್ಡವಾದರೆ ನಮ್ಮಂಥ ಕ್ಯಾಥೊಲಿಕರು, ಲಂಡನ್ನಿನದಾದರೆ ಬ್ರಿಟನ್ ಪರದ ಪ್ರೊಟೆಸ್ಟಂಟರು. ನಮಗೆ ಗೊತ್ತಿದ್ದದ್ದು ಬ್ರಿಟಿಷ್ ಸೈನಿಕರಿಗೂ ಗೊತ್ತಿತ್ತು.

ಎರಡೂ ಕಡೆಯವರು ಬಾಂಬು ಬಂದೂಕು ಹಿಡಿದಿದ್ದ ಆ ಕೆಟ್ಟ ವರ್ಷಗಳಲ್ಲಿ ಗಸ್ತಿನವರು ಫೆಲಿಮ್‌ನನ್ನು ಎಷ್ಟು ಸಲ ಏಣಿಯಿಂದ ಇಳಿಸಿದರೋ ಲೆಕ್ಕವಿಲ್ಲ. ಹೆಗಲಲ್ಲಿ ತಂತಿ, ಕೈಯಲ್ಲಿ ಕೊಳವೆ, ಕುತ್ತಿಗೆಯಲ್ಲಿ ಸಿಗ್ನಲ್ ಅಳೆಯುವ ಮೀಟರು. ಅನುಮಾನಕ್ಕೆ ಇನ್ನೇನು ಬೇಕು?

“ಯಾರಿಗೋ ಸಿಗ್ನಲ್ ಕಳಿಸ್ತಾ ಇದ್ದೀಯಾ?” ಅಂತ ಒಬ್ಬ ಕೇಳಿದನಂತೆ.

“ಕಳಿಸ್ತಾ ಇಲ್ಲ ಸ್ವಾಮಿ, ತರಿಸ್ತಾ ಇದ್ದೀನಿ. ಈ ಮನೆ ಅಜ್ಜಿಗೆ ಸಂಜೆ ಆರಕ್ಕೆ ಆಚೆ ಟಿವಿಯ ಪ್ರಾರ್ಥನೆ ಗಂಟೆ ಕೇಳಬೇಕಂತೆ.”

ಎರಡು ದಿನ ಕೂಡಿಹಾಕಿದರು. ಮೂರನೆಯ ಬೆಳಗ್ಗೆ ಹೊರಬಂದವನು ಮನೆಗೆ ಬರಲಿಲ್ಲ, ನೇರವಾಗಿ ಅದೇ ಅಜ್ಜಿಯ ಸೂರಿಗೆ ಹೋಗಿ ಅರ್ಧಕ್ಕೆ ನಿಂತಿದ್ದ ಕೆಲಸ ಮುಗಿಸಿದ. ಅವನ ಸ್ವಭಾವವೇ ಹಾಗೆ. ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿದ್ದಿಲ್ಲ. ಮನೆಯಲ್ಲಿ ಬಾಯಿ ಮಾಡುವ ಕೆಲಸವನ್ನೆಲ್ಲ ಅವನು ನನಗೇ ಬಿಟ್ಟುಕೊಟ್ಟಿದ್ದ.

ಅವನು ಎಲ್ಲರಿಗೂ ಕಟ್ಟುತ್ತಿದ್ದ. ಲಿಫರ್ಡಿನವರಿಗೆ ಲಂಡನ್ನಿನ ಚಾನೆಲ್ಲು ಬೇಕು, ನಮ್ಮವರಿಗೆ ಡಬ್ಲಿನ್ನಿನದು ಬೇಕು. ಹೊಳೆಯ ಎರಡೂ ದಡದವರು ತಮ್ಮ ತಮ್ಮ ರಾಜಧಾನಿಗೆ ಬೆನ್ನು ಹಾಕಿ ಟಿವಿ ನೋಡುವವರು. ಡಿಜಿಟಲ್ ಬಂದಾಗ ಎರಡೂ ದೇಶದವರು ಒಂದೇ ದಿನ ಹಳೆಯ ಪ್ರಸಾರ ನಿಲ್ಲಿಸಿದರು. ಫೆಲಿಮ್‌ಗೆ ಆಗ ಊಟಕ್ಕೂ ಪುರಸೊತ್ತಿರಲಿಲ್ಲ. “ಮೊದಲು ಚಿತ್ರದ ಮೇಲೆ ಹಿಮ ಬಿದ್ದಂಗಿದ್ರೂ ಮುಖ ಗುರುತು ಸಿಗ್ತಿತ್ತು. ಇನ್ನು ಹಂಗಲ್ಲ. ಇದ್ರೆ ಪೂರ್ತಿ ಇದೆ, ಇಲ್ದಿದ್ರೆ ಏನೂ ಇಲ್ಲ,” ಅಂತ ಮನೆಮನೆಯಲ್ಲಿ ಹೇಳಿ ಬಂದ.

ಅವನ ಹೆಂಡತಿ ಊನಾ ಗ್ವೀಡೋರಿನವಳು. ಪಶ್ಚಿಮದ ಕಡಲ ಕಡೆಯ ಹಳ್ಳಿ, ಅಲ್ಲಿ ಇಂದಿಗೂ ಮನೆಮಾತು ಐರಿಷ್. ಒಂದು ಕುಣಿತದ ಸಂಜೆ ಒಬ್ಬರನ್ನೊಬ್ಬರು ಕಂಡರು, ಮದುವೆಯಾದರು, ಅವಳು ಹೊಳೆ ದಾಟಿ ಬಂದಳು. ಆ ಕಾಲದ ಸ್ಟ್ರಬಾನಿನಲ್ಲಿ ಅಂಗಡಿಯಲ್ಲಿ ನಿಂತು ಐರಿಷ್ ಆಡಿದರೆ ಜನ ತಿರುಗಿ ನೋಡುತ್ತಿದ್ದರು. ಅವಳು ತನ್ನ ಮಾತನ್ನು ಮಡಚಿ ಒಳಗಿಟ್ಟಳು. ಮಕ್ಕಳಿಗೂ ಕಲಿಸಲಿಲ್ಲ. ಫೆಲಿಮ್‌ಗೆ ಒಂದೆರಡು ಪ್ರಾರ್ಥನೆ ಬಿಟ್ಟರೆ ಏನೂ ಬಾರದು.

ಆದರೆ ಸಂಜೆ ಏಳಕ್ಕೆ ಆಚೆಯ ಚಾನೆಲ್ಲಿನಲ್ಲಿ ಐರಿಷ್ ವಾರ್ತೆ ಬರುತ್ತಿತ್ತು. ಚಹದ ಲೋಟ ಹಿಡಿದು ಕೂತಳೆಂದರೆ ಊನಾ ವಾರ್ತೆ ಓದುವವರಿಗೆ ಉತ್ತರ ಕೊಡುತ್ತಿದ್ದಳು. ಮಂತ್ರಿಗಳಿಗೆ ಬೈಗುಳ, ಹವಾಮಾನ ಹೇಳುವ ಹುಡುಗಿಗೆ ಬುದ್ಧಿಮಾತು. ದಿನಕ್ಕೆ ಅರ್ಧ ಗಂಟೆ. ಐವತ್ತು ವರ್ಷದ ಸಂಸಾರದಲ್ಲಿ ತನ್ನ ಮಾತಿಗೆ ಅವಳು ಇಟ್ಟುಕೊಂಡದ್ದು ಅಷ್ಟೇ ಜಾಗ.

ಮರೆವಿನ ಕಾಯಿಲೆ ಬಂದಾಗ ಇಂಗ್ಲಿಷ್ ಮೊದಲು ಹೋಯಿತು. ಫೆಲಿಮ್‌ಗೆ ಸೊಂಟ ಬಿದ್ದುಹೋಗಿ ಅವಳನ್ನು ಎತ್ತಿ ಕೂರಿಸಲು ಆಗದೆ, ನವೆಂಬರಿನಲ್ಲಿ ಊರಾಚೆಯ ವೃದ್ಧರ ಆರೈಕೆ ಮನೆಗೆ ಸೇರಿಸಿದೆವು. ಡಿಸೆಂಬರಿನ ಹೊತ್ತಿಗೆ ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮಾತಿಲ್ಲ, ಊಟ ಎರಡು ಚಮಚ. ನಾನು ಸನ್ಯಾಸಿನಿಯರ ಶಾಲೆಯಲ್ಲಿ ಐದು ವರ್ಷ ಕಲಿತ ಪುಸ್ತಕದ ಐರಿಷ್‌ನಲ್ಲಿ ಮಾತಾಡಿಸಿದೆ. ಶಾಲಾ ಇನ್ಸ್‌ಪೆಕ್ಟರು ಬಂದನೇನೋ ಎಂಬಂತೆ ನೋಡಿ ಮತ್ತೆ ಗೋಡೆಗೆ ತಿರುಗಿದಳು.

“ಅವಳಿಗೆ ಏಳು ಗಂಟೆ ವಾರ್ತೆ ಬೇಕು ಡಿಂಪ್ನಾ,” ಅಂದ ಫೆಲಿಮ್ ನನಗೆ. “ಅವಳೂರಿನ ದನಿ ಕಿವಿಗೆ ಬಿದ್ರೆ ಒಂದು ತುತ್ತು ಜಾಸ್ತಿ ತಿಂತಾಳೆ. ಹಿಂಗೇ ಬಿಟ್ರೆ ಬೇಸಿಗೆ ಕಾಣಲ್ಲ ಅವಳು.”

ಆ ಮನೆಯಲ್ಲಿ ಎಲ್ಲ ಕೋಣೆಗೂ ಒಂದೇ ಡಿಶ್. ನೂರಾರು ಚಾನೆಲ್, ಆಚೆಯದು ಒಂದೂ ಇಲ್ಲ. ಫೆಲಿಮ್ ಲಿಫರ್ಡಿಗೆ ಹೋಗಿ ಆಚೆಯ ಸಿಗ್ನಲ್ ಹಿಡಿಯುವ ಸಣ್ಣ ಪೆಟ್ಟಿಗೆ ತಂದ, ಶೆಡ್ಡಿನಿಂದ ಒಂದು ಆಂಟೆನಾ ಆರಿಸಿದ, ಟೈ ಕಟ್ಟಿಕೊಂಡು ಅನುಮತಿ ಕೇಳಲು ಹೊರಟ. ಜೊತೆಗೆ ನಾನು.

ಅಲ್ಲಿನ ಮ್ಯಾನೇಜರು ರೊವೆನಾ ಟ್ವೀಡ್ ಬೆಲ್‌ಫಾಸ್ಟಿನವಳು, ಮಾತು ಬೆಣ್ಣೆ. “ಮಿಸ್ಟರ್ ಮೆಗ್ಲಿಂಚಿ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದರೆ ಇದು ತಟಸ್ಥ ಜಾಗ. ಬಾವುಟ, ಲಾಂಛನ, ಅಂಥ ಅರ್ಥ ಕೊಡೋ ಯಾವ ವಸ್ತುವನ್ನೂ ಹೊರಗೋಡೆಗೆ ಹಾಕೋ ಹಾಗಿಲ್ಲ.”

“ಇದು ಆಂಟೆನಾ,” ಅಂದ ಫೆಲಿಮ್.

“ಯಾವ ಕಡೆ ತಿರುಗಿರುತ್ತೆ?”

ಅದನ್ನೂ ಕೇಳಬೇಕೇ? ಗೂಡಂಗಡಿಯವನಿಗೂ ಗೊತ್ತು ಅದು ಯಾವ ಕಡೆ ತಿರುಗಿರುತ್ತದೆ ಅಂತ.

“ನೋಡಿ, ರಸ್ತೆಯಿಂದ ಕಾಣುತ್ತೆ. ಇಲ್ಲಿ ಎರಡೂ ಕಡೆಯವರಿದ್ದಾರೆ. ಪಕ್ಕದ ಕೋಣೆ ಮಿಸೆಸ್ ಬ್ಯೂಕ್ಯಾನನ್ ಅಂಥವರ ಮನಸ್ಸಿಗೆ ನೋವಾಗಬಾರದಲ್ಲ? ನಿಮ್ಮ ಹೆಂಡತಿಗೆ ಹಕ್ಕಿಗಳ ಕಾರ್ಯಕ್ರಮ ಹಾಕಿಡ್ತೀವಿ. ತುಂಬಾ ಶಾಂತವಾಗಿರ್ತಾರೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮಾತು ಬತ್ತಿದವಳಿಗೆ ಹಕ್ಕಿ ತೋರಿಸುತ್ತಾರಂತೆ. ಊನಾಳ ಫೈಲು ಮೇಜಿನ ಮೇಲೇ ಇತ್ತು. ಓದಬಹುದೇ ಅಂತ ಕೇಳಿ ನಾನೇ ಎಳೆದುಕೊಂಡೆ. ‘ಮೊದಲ ಮೂರು ವಾರ ರಾತ್ರಿ ಹೊತ್ತು ಅರ್ಥವಿಲ್ಲದ ಶಬ್ದಗಳು. ನಂತರ ಮಾತು ನಿಂತಿದೆ. ಶಾಂತ.’ ಅರ್ಥವಿಲ್ಲದ ಶಬ್ದವಂತೆ! ಸಾವಿರ ವರ್ಷದಿಂದ ಈ ನೆಲದಲ್ಲಿ ಆಡುತ್ತಿರುವ ಮಾತು! ಅಲ್ಲೇ ನಾಲ್ಕು ಮಾತು ಆಡುತ್ತಿದ್ದೆ, ಫೆಲಿಮ್ ನನ್ನ ತೋಳು ಹಿಡಿದು ಹೊರಗೆ ಕರೆತಂದ.

ಕಾರಿಡಾರಿನಲ್ಲಿ ಗಾಲಿಕುರ್ಚಿ ಅಡ್ಡ ನಿಂತಿತ್ತು. ಐರಿಸ್ ಬ್ಯೂಕ್ಯಾನನ್, ಎಂಬತ್ತಾರು ವರ್ಷ. ಅವಳ ಗಂಡ ಕಿತ್ತಳೆ ಪಟ್ಟಿ ಹಾಕಿಕೊಂಡು ಪ್ರತಿ ಜುಲೈ ಬ್ರಿಟನ್ ಪರದ ಪ್ರೊಟೆಸ್ಟಂಟರ ಮೆರವಣಿಗೆಯ ಮುಂದೆ ನಡೆದವನು.

“ಮೆಗ್ಲಿಂಚಿ, ಒಳಗೆ ನನ್ನ ಹೆಸರು ಬಂತಲ್ಲ. ಏನು ಸಮಾಚಾರ?”

ಫೆಲಿಮ್ ಹೇಳಲು ಹಿಂದೆಮುಂದೆ ನೋಡಿದ. ನಾನು ಹೇಳಿದೆ, ಒಂದಕ್ಷರ ಬಿಡದೆ.

“ನನ್ನ ಮನಸ್ಸಿಗೆ ನೋವಾಗುತ್ತಂತಾ?” ಮುದುಕಿಯ ಕುತ್ತಿಗೆ ಕೆಂಪಾಯಿತು. “ಕೇಳಿದ್ಯಾರು ನನ್ನ? ನಮ್ಮನೆ ಅಟ್ಟದೊಳಗೆ, ಹಂಚಿನ ಕೆಳಗೆ, ಯಾರಿಗೂ ಕಾಣದ ಹಾಗೆ ಡಬ್ಲಿನ್ ಆಂಟೆನಾ ಕಟ್ಟಿದ್ದು ಯಾರು? ಬಾಯಿ ಬಿಡೋ ಮೆಗ್ಲಿಂಚಿ!”

“ನಾನೇ, ಮಿಸೆಸ್ ಬ್ಯೂಕ್ಯಾನನ್. ಎಪ್ಪತ್ತೊಂಬತ್ತರಲ್ಲಿ. ಯಾರಿಗೂ ಹೇಳಬೇಡ ಅಂದಿದ್ರು ನಿಮ್ಮನೆಯವರು, ಹೇಳಿಲ್ಲ.”

“ಭಾನುವಾರ ಪರದೆ ಎಳೆದುಕೊಂಡು ಆಚೆಯ ಹಳ್ಳಿ ಧಾರಾವಾಹಿ ನೋಡ್ತಿದ್ರು ನಮ್ಮವರು! ಒಂದು ವಾರ ತಪ್ಪಿದ್ರೆ ಸೋಮವಾರ ಪೂರ್ತಿ ಮುಖ ಗಂಟು. ಈಗ ನನ್ನ ಹೆಸರು ಹೇಳಿ ಸಾಯೋ ಹೆಂಗಸಿನ ಬಾಯಿಗೆ ಬೀಗ ಹಾಕ್ತಾರಾ?” ಅವಳು ತನ್ನ ಕೋಣೆಯ ಬಾಗಿಲು ತಳ್ಳಿದಳು. “ನನ್ನದು ಮೂಲೆ ಕೋಣೆ, ಕಿಟಕಿ ಪಶ್ಚಿಮಕ್ಕಿದೆ, ಊನಾಳದ್ದಲ್ಲ. ಒಳಗೆ ನಾನು ಬಟ್ಟೆ ಒಣಗಿಸೋ ಸ್ಟ್ಯಾಂಡ್ ಇಟ್ಕೊಳ್ತೀನಿ. ಅದರ ಮೇಲೆ ಏನು ನೇತುಹಾಕ್ತೀನಿ ಅನ್ನೋದು ನನ್ನಿಷ್ಟ. ಹೊರಗೋಡೆಗೆ ತಾನೇ ಆ ಮ್ಯಾನೇಜರಮ್ಮನ ಕಾನೂನು?”

ಫೆಬ್ರವರಿಯ ಆ ಶುಕ್ರವಾರ ಸಂಜೆ ಕೆಲಸ ಆಯಿತು. ಸ್ಟ್ಯಾಂಡಿನ ಮೇಲೆ ಆಂಟೆನಾ, ಅದರ ಮೇಲೆ ಐರಿಸಳ ಎರಡು ಒಳಲಂಗ. ಬಾಗಿಲ ಸಂದಿಯಿಂದ ಕಾರಿಡಾರಿನ ಅಂಚಿನಲ್ಲಿ ತಂತಿ ಊನಾಳ ಕೋಣೆಗೆ. ನರ್ಸ್ ನೋಡಿದಳು, ಐರಿಸ್ ಅವಳನ್ನು ನೋಡಿದಳು, ನರ್ಸ್ ಮುಂದೆ ಹೋದಳು. ಮೊದಲು ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಫೆಲಿಮ್ ಎರಡು ಕೋಣೆಗಳ ನಡುವೆ ಕುಂಟುತ್ತ ಓಡಾಡಿ ಸ್ಟ್ಯಾಂಡನ್ನು ಒಂದು ಗೇಣು ಎಡಕ್ಕೆ ಸರಿಸಿದ. ಚಿತ್ರ ಪೂರ್ತಿ ಬಂತು. ಏಳಾಗಲು ಇನ್ನೆರಡು ನಿಮಿಷ.

ವಾರ್ತೆ ಶುರುವಾಯಿತು. ಊನಾ ಗೋಡೆಗೆ ಮುಖ ಮಾಡಿದ್ದಳು. ಮಂತ್ರಿ ಬಂದ, ಹೋದ. ಏನೂ ಇಲ್ಲ. ಫೆಲಿಮ್ ಮಂಚದ ತುದಿ ಹಿಡಿದು ನಿಂತಿದ್ದ. ಕೊನೆಗೆ ಹವಾಮಾನ. ಊನಾಳ ಊರಿನ ಕಡೆಯ ಹುಡುಗಿ, ಅದೇ ರಾಗ, ಅದೇ ಎಳೆತ. ವಾಯವ್ಯದಲ್ಲಿ ಇಂದು ರಾತ್ರಿ ಕಡು ಚಳಿ, ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಬಹುದು ಎಂದಳು.

ಊನಾ ತಿರುಗಿದಳು. ಟಿವಿಯನ್ನು ನೋಡಿ, ಅಡುಗೆಮನೆಯಲ್ಲಿ ನಿಂತು ಮಾತಾಡುವಷ್ಟು ಸಲೀಸಾಗಿ, ದೊಡ್ಡ ದನಿಯಲ್ಲಿ ಏನೋ ಹೇಳಿದಳು.

“ಏನಂದ್ಳು?” ಫೆಲಿಮ್ ನನ್ನ ಕಡೆ ತಿರುಗಿದ. “ಡಿಂಪ್ನಾ, ಏನಂದ್ಳು ಅವಳು?”

ನನ್ನ ಪುಸ್ತಕದ ಐರಿಷ್‌ಗೆ ಅಷ್ಟು ಮಾತು ಸಾಕಾಯಿತು. “‘ನಂಗೊತ್ತು ಮಗಳೇ, ಇಲ್ಲಿ ದಿನಾ ರಾತ್ರಿ ಚಳಿ. ಆ ಕಿಟಕಿ ಮುಚ್ಚಲ್ಲ ಇವರು’ ಅಂತಿದಾಳೆ.”

ಫೆಲಿಮ್ ಪರದೆ ಸರಿಸಿದ. ತಲೆದಿಂಬಿನ ನೇರಕ್ಕೆ, ಕಿಟಕಿಯ ಮೇಲ್ಭಾಗದ ಸಣ್ಣ ಬಾಗಿಲು ನಾಲ್ಕು ಬೆರಳು ತೆರೆದೇ ಇತ್ತು, ತಿರುಗಣಿ ತುಕ್ಕು ಹಿಡಿದು ನಿಂತಿತ್ತು. ಪರದೆಯ ಅಂಚು ಒದ್ದೆ. ಹಗಲು ಹೀಟರು ಉರಿಯುತ್ತಿತ್ತು, ನಾವು ಬರುತ್ತಿದ್ದದ್ದು ಹಗಲಿಗೆ. ನಮಗೆ ಹೊಳೆದಿರಲಿಲ್ಲ. ನವೆಂಬರು, ಡಿಸೆಂಬರು, ಜನವರಿ, ಫೆಬ್ರವರಿ.

ಊನಾಳ ದನಿ ಕೇಳಿ ನರ್ಸ್ ಬಂದಳು. ನೋಡಿ ಮುಖ ಸಣ್ಣ ಮಾಡಿಕೊಂಡಳು. “ಅಯ್ಯೋ. ಆದರೆ ಅವರು ಒಂದು ಸಲವೂ ದೂರು ಹೇಳಲಿಲ್ಲವಲ್ಲ?”

“ಹೇಳಿದಾಳೆ!” ಫೆಲಿಮ್ ಕೂಗಿದ. ಎಪ್ಪತ್ತೇಳು ವರ್ಷದಲ್ಲಿ ಮೊದಲ ಸಲ. “ಮೂರು ವಾರ ಹೇಳಿದಾಳೆ! ಶಬ್ದ ಅಂತ ಬರ್ಕೊಂಡಿದೀರಿ ನೀವು!”

ನರ್ಸ್ ಹೆದರಿ ಹಿಂದೆ ಸರಿದಳು. ಅವನು ಅಂಗೈಯಿಂದ ಗುದ್ದಿ ಗುದ್ದಿ ಆ ಬಾಗಿಲನ್ನು ಮುಚ್ಚಿದ. ಕೋಟು ಕಳಚಿ ಹೊದಿಕೆಯ ಮೇಲೆ ಹಾಸಿದ. ಆಮೇಲೆ ಕುರ್ಚಿ ಎಳೆದು ಅವಳ ಪಕ್ಕ ಕೂತ. ಅವನ ಸಿಟ್ಟು ಅಷ್ಟರಲ್ಲಿ ನರ್ಸನ್ನು ಬಿಟ್ಟು ಅವನ ಮೇಲೆಯೇ ತಿರುಗಿತ್ತು.

“ಐವತ್ತು ವರ್ಷ ಒಂದೇ ಸೂರಿನ ಕೆಳಗಿದ್ದು ನಾನೂ ಕಲೀಲಿಲ್ಲ,” ಅಂದ. “ಈಗ ಬೆಚ್ಚಗಿದೆಯಾ ಅಂತ ಕೇಳೋದು ಹೆಂಗೆ? ಹೇಳಿಕೊಡು.”

ಹೇಳಿಕೊಟ್ಟೆ. ಎರಡು ಸಲ ಬಾಯಲ್ಲೇ ಹೊರಳಿಸಿಕೊಂಡು, ಅವಳ ಕಿವಿಯ ಹತ್ತಿರ ಬಾಗಿ, ತಪ್ಪುತಪ್ಪಾಗಿ ಕೇಳಿದ.

ಊನಾ ಗೋಡೆಗೆ ತಿರುಗಲಿಲ್ಲ, ಅವನ ಕೋಟನ್ನು ಗಲ್ಲದವರೆಗೆ ಎಳೆದುಕೊಂಡಳು.

“ಇಲ್ಲ,” ಅಂದಳು ಐರಿಷ್‌ನಲ್ಲೇ. “ಇನ್ನೂ ಇಲ್ಲ.”