ಹಾಜರಿಯಲ್ಲಿ ಕೂಗಬಾರದ ಹೆಸರು

ನನ್ನ ಅಂಗನವಾಡಿಯಲ್ಲಿ ಬೆಳಿಗ್ಗೆ ಮಕ್ಕಳ ಹೆಸರು ಕರೆಯುವುದೆಂದರೆ ನಾಲಿಗೆಗೆ ಒಳ್ಳೆಯ ಕಸರತ್ತು. ಧನ್ವಿತ್, ಯಶ್ವಿತ್, ಸಾನ್ವಿ, ಮಾನ್ವಿ, ಜನ್ವಿಕಾ. ಅರ್ಥ ಏನು ಅಂತ ಅಮ್ಮಂದಿರನ್ನು ಕೇಳಿದರೆ ಫೋನಿನಲ್ಲಿ ಇತ್ತು ಅನ್ನುತ್ತಾರೆ. ಜೋಯಿಸರು ನಕ್ಷತ್ರ ನೋಡಿ ಮೊದಲ ಅಕ್ಷರ ಕೊಡುತ್ತಾರೆ, ಉಳಿದದ್ದನ್ನೆಲ್ಲ ಫೋನು ಕೊಡುತ್ತದೆ. ನಗುವವರು ನಗಲಿ. ನನಗೆ ಈ ಹೆಸರುಗಳು ಇಷ್ಟ. ಹೆಸರು ಕೇಳಿದ ಕೂಡಲೇ ಇದು ಬಂಗಲೆಯ ಮಗುವೋ ಲೈನ್ ಮನೆಯ ಮಗುವೋ ಅಂತ ಹೇಳಲು ಈಗ ಯಾರಪ್ಪನಿಂದಲೂ ಆಗುವುದಿಲ್ಲ.

ನಾನು ಚಿಕ್ಕವಳಿದ್ದಾಗ ಹೇಳಬಹುದಿತ್ತು. ಮೂಡಿಗೆರೆಯಿಂದ ಜೀಪಿನಲ್ಲಿ ಹೋಗಬೇಕಾದ ಒಂದು ಕಾಫಿ ಎಸ್ಟೇಟಿನಲ್ಲಿ, ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ನಾನು ಬೆಳೆದೆ. ನಮ್ಮ ಸಾಲಿನಲ್ಲಿ ಇದ್ದವರು ಕೆಂಚಿ, ಸೇಸಿ, ಮಂಜಿ, ತಿಮ್ಮ, ಗಿಡ್ಡ. ಕರೆಯುವಾಗ ಕೊನೆಗೆ ಒಂದು 'ಅಮ್ಮ' ಸೇರಿಸಬೇಕು ಅಂತ ಯಾರಿಗೂ ಅನ್ನಿಸದಂಥ ಹೆಸರುಗಳು. ಬಂಗಲೆಯ ಹೆಸರುಗಳು ಬೇರೆ, ಅವಕ್ಕೆ ಬಹುವಚನ ಹುಟ್ಟುವಾಗಲೇ ಅಂಟಿಕೊಂಡಿರುತ್ತಿತ್ತು.

ಈಗ ಅದೇ ಲೈನಿನ ಅರ್ಧಕ್ಕರ್ಧ ಮನೆಗಳಲ್ಲಿ ಅಸ್ಸಾಮಿನವರಿದ್ದಾರೆ. ನಮ್ಮವರ ಮಕ್ಕಳು ಚಿಕ್ಕಮಗಳೂರಿನ ಬಟ್ಟೆ ಅಂಗಡಿ, ಹೋಂಸ್ಟೇ, ಆಟೋ ಅಂತ ತೋಟದಿಂದ ಹೊರಬಿದ್ದಿದ್ದಾರೆ. ಮದುವೆಯಾದವರೂ ಒಂದು ಮಗುವಿಗೆ ಸಾಕು ಅನ್ನುತ್ತಾರೆ. ಹಾಗಾಗಿ ಸಾನ್ವಿಯ ಪಕ್ಕದಲ್ಲಿ ಜೋನಾಲಿ, ಯಶ್ವಿತ್ ಪಕ್ಕದಲ್ಲಿ ಬಿಕಾಶ್ ಕೂತು ಉಪ್ಪಿಟ್ಟು ತಿನ್ನುತ್ತಾರೆ. ಒಮ್ಮೆ ಕಳಸದ ಬಸ್ಸಿನಲ್ಲಿ ಹಿಂದಿನ ಸೀಟಿನವರೊಬ್ಬರು, ಇನ್ನು ಸ್ವಲ್ಪ ವರ್ಷಕ್ಕೆ ನಮ್ಮೂರಲ್ಲಿ ನಮ್ಮ ಹೆಸರೇ ಇರುವುದಿಲ್ಲ ಎಂದು ಗೊಣಗುತ್ತಿದ್ದರು. ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಆ ಮಕ್ಕಳಿಲ್ಲದಿದ್ದರೆ ನನ್ನ ಅಂಗನವಾಡಿಗೆ ಬೀಗ ಬೀಳುತ್ತದೆ, ಅವರ ಅಪ್ಪ ಅಮ್ಮ ಇಲ್ಲದಿದ್ದರೆ ನಿಮ್ಮ ಕಾಫಿ ಹಣ್ಣು ಗಿಡದಲ್ಲೇ ಒಣಗುತ್ತದೆ, ಬುಟ್ಟಿ ಕಟ್ಟಿಕೊಂಡು ನೀವು ಬರುತ್ತೀರಾ ಎಂದು ತಿರುಗಿ ಕೇಳಿದೆ. ಅವರು ಕಿಟಕಿಯಾಚೆ ನೋಡತೊಡಗಿದರು. ನಮ್ಮ ಹೆಸರು ಹೋಗುತ್ತದಂತೆ. ನಮ್ಮ ಹೆಸರನ್ನು ಹೊರಗಿನವರು ಬಂದು ಕಿತ್ತುಕೊಂಡದ್ದಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ನನ್ನ ಅಮ್ಮನ ಹೆಸರು ಗೌರಿ. ಗೌರಿ ಹಬ್ಬದ ದಿನ ಹುಟ್ಟಿದಳೆಂದು ಕಳಸದ ಕಡೆಯ ಅವಳ ತವರಿನಲ್ಲಿ ಇಟ್ಟ ಹೆಸರು. ಮದುವೆಯಾಗಿ ಈ ಎಸ್ಟೇಟಿಗೆ ಬಂದ ಮೊದಲ ಬೆಳಿಗ್ಗೆ ಹಾಜರಿಗೆ ನಿಂತಳು. ಹಾಜರಿ ಅಂದರೆ ಕೆಲಸಕ್ಕೆ ಹೋಗುವ ಮೊದಲು ಕಾಫಿ ಒಣಗಿಸುವ ಕಣದಲ್ಲಿ ಎಲ್ಲರನ್ನೂ ನಿಲ್ಲಿಸಿ, ತೋಟದ ಲೆಕ್ಕ ಬರೆಯುವ ರೈಟರು ಒಬ್ಬೊಬ್ಬರ ಹೆಸರು ಗಟ್ಟಿಯಾಗಿ ಕೂಗುವುದು. ಕಣ ಇದ್ದದ್ದು ಬಂಗಲೆಯ ಎದುರಿಗೇ. ಬಂಗಲೆಯ ಅಮ್ಮಾವ್ರ ಹೆಸರೂ ಗೌರಿ. ಅವರ ಜಗಲಿಗೆ ಕೇಳುವ ಹಾಗೆ 'ಗೌರಿ, ಗೊಬ್ಬರ ಹೊರೋಕೆ ಹೋಗು' ಎಂದು ಕೂಗುವ ಧೈರ್ಯ ಯಾವ ರೈಟರಿಗಿತ್ತು? ಅವನು ಅಮ್ಮನನ್ನು ಮೇಲಿಂದ ಕೆಳಗೆ ನೋಡಿ, ನೀನು ಸಣ್ಣಿ ಅಂದನಂತೆ. ಅಲ್ಲಿಗೆ ಮುಗಿಯಿತು. ಹೀಗೆ ಹೆಸರು ಬದಲಾದದ್ದು ಅವಳೊಬ್ಬಳದೇ ಅಲ್ಲ, ಬಂಗಲೆಯವರ ಹೆಸರು ಹೊತ್ತು ಬಂದ ಎಲ್ಲರಿಗೂ ಅದೇ ಗತಿ. ಯಾರೂ ಅದನ್ನು ತಪ್ಪು ಅಂದುಕೊಳ್ಳಲಿಲ್ಲ. ಮೇಸ್ತ್ರಿ, ಅಕ್ಕಪಕ್ಕದವರು, ಕಡೆಗೆ ನನ್ನ ಅಪ್ಪನೂ ಸಣ್ಣಿ ಅಂದರು. ಅವಳು ಸತ್ತ ದಿನವೂ ಸಣ್ಣಿ ಹೋದಳು ಎಂದೇ ಸುದ್ದಿಯಾಯಿತು.

ಅವಳ ನಿಜವಾದ ಹೆಸರು ನನಗೆ ಗೊತ್ತಾದದ್ದು ಅಜ್ಜಿಮನೆಯಲ್ಲಿ. ನಾನಾಗ ಶಾಲೆಗೆ ಹೋಗುತ್ತಿದ್ದೆ. ಅಜ್ಜಿ ಹಿತ್ತಲಿನಿಂದ 'ಗೌರೀ' ಎಂದು ಕರೆದದ್ದೇ ತಡ, ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದಳು. ಅವಳು ಹಾಗೆ ಓಡಬಲ್ಲಳು ಎಂದೇ ನನಗೆ ಗೊತ್ತಿರಲಿಲ್ಲ. ಯಾರದು ಗೌರಿ ಎಂದು ಆಮೇಲೆ ಕೇಳಿದ್ದಕ್ಕೆ, ನಾನೇ ಕಣೇ ಎಂದು ನಾಚಿಕೊಂಡಳು. ನನಗೆ ಸಿಟ್ಟು ಹತ್ತಿದ್ದು ಅವತ್ತೇ, ಇನ್ನೂ ಆರಿಲ್ಲ.

ನನ್ನ ತಮ್ಮ ಅದೇ ಎಸ್ಟೇಟಿನಲ್ಲಿ ಜೀಪು ಓಡಿಸುತ್ತಾನೆ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹೋದ ವರ್ಷ ಅವನಿಗೆ ಹೆಣ್ಣುಮಗು ಹುಟ್ಟಿತು. ನಮ್ಮಲ್ಲಿ ತೊಟ್ಟಿಲಲ್ಲಿ ಮಗುವಿನ ಕಿವಿಗೆ ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನನ್ನದು. ಅಮ್ಮನ ಹೆಸರಿಡೋಣ ಅಂದೆ. ತಮ್ಮ ಒಪ್ಪಿದ, ಅವನ ಹೆಂಡತಿಯೂ ಒಪ್ಪಿದಳು. ಜೋಯಿಸರ ಅಕ್ಷರವೂ ಬೇಡ, ಫೋನೂ ಬೇಡ ಎಂದು ನಾವು ಬೀಗುತ್ತಿರುವಾಗಲೇ ನಾಮಕರಣಕ್ಕೆ ಕರೆಯಲು ತಮ್ಮನು ಬಂಗಲೆಗೆ ಹೋದ, ಬರುವಾಗ ಮುಖ ಸಪ್ಪೆ ಮಾಡಿಕೊಂಡು ಬಂದ.

ಬಂಗಲೆಯಲ್ಲಿ ಈಗಿರುವ ಅಮ್ಮಾವ್ರು ಹಳೆಯ ಅಮ್ಮಾವ್ರ ಸೊಸೆ. ಕೆಟ್ಟವರಲ್ಲ, ನನ್ನ ಅಂಗನವಾಡಿಗೆ ಫ್ಯಾನ್ ಕೊಡಿಸಿದವರು. ಅವರ ಮೊಮ್ಮಗಳಿಗೂ ಅದೇ ತಿಂಗಳು ಹೆಸರಿಟ್ಟಿದ್ದರು. ಪೇಟೆಯಲ್ಲಿ ಈಗ ಮುತ್ತಜ್ಜಿಯರ ಹೆಸರಿಗೆ ಬೇಡಿಕೆಯಂತೆ. ಹಾಗಾಗಿ ಆ ಮಗುವೂ ಗೌರಿ. ಲೈನಿನವರು ಹೊಸ ಹೆಸರು ಹುಡುಕಿಕೊಂಡು ಮುಂದೆ ಓಡಿದರೆ ಬಂಗಲೆಯವರು ಹಿಂದಕ್ಕೆ ನಡೆದು ಹಳೆಯದನ್ನು ಎತ್ತಿಕೊಂಡಿದ್ದರು. ಎರಡು ಮಕ್ಕಳಿಗೂ ಒಂದೇ ಹೆಸರಾದರೆ ಮೊಮ್ಮಗಳು ರಜಕ್ಕೆ ಬಂದಾಗ ಕರೆಯಲು ಗೊಂದಲ ಆಗುತ್ತದಲ್ಲ, ನಿನ್ನ ಮಗಳಿಗೆ ಗಾನವಿ ಅಂತ ಇಡು, ಚಂದ ಇದೆ ಎಂದು ಅಮ್ಮಾವ್ರು ನಗುತ್ತಲೇ ಹೇಳಿದ್ದರು. ಇವನು ಆಯಿತು ಅಂದು ಬಂದಿದ್ದ.

"ಗೊಂದಲ ಯಾರಿಗಾಗ್ತದೆ?" ಅಂದೆ. "ಆ ಮಗುಗೆ ಬೇರೆ ಹೆಸ್ರಿಡಿ ಅಂತ ನೀನು ಹೇಳಿ ಬಂದ್ಯಾ?"

"ಅಕ್ಕ, ಅಮ್ಮಂಗೇ ಆ ಹೆಸ್ರು ಬೇಕು ಅಂತ ಇರ್ಲಿಲ್ಲ. ಸಾಯೋವರ್ಗೂ ಸಣ್ಣಿ ಅಂದ್ರೂ ಓ ಅಂದ್ಳು. ನಿಂಗೆಂತಕ್ಕೆ ಇಷ್ಟು ಹಟ ಮಾರಾಯ್ತಿ?" ಅಂದ.

ಓ ಅನ್ನದೆ ಅವಳು ಇನ್ನೇನು ಮಾಡಬೇಕಿತ್ತು? ಹಾಜರಿಗೆ ಓ ಅನ್ನದಿದ್ದರೆ ಅವತ್ತಿನ ಗಂಜಿ ಇಲ್ಲ. ಇದನ್ನು ತಮ್ಮನಿಗೆ ಹೇಳಿದೆ. ಅವನು ಜೀಪಿನ ಕೀಲಿ ತಿರುಗಿಸುತ್ತಾ ಕೂತ. ನಾಮಕರಣದ ಹಿಂದಿನ ದಿನದವರೆಗೂ ಗಾನವಿ ಅನ್ನು, ಗಾನವಿ ಅನ್ನು ಎಂದು ನನ್ನ ಬೆನ್ನು ಬಿಡಲಿಲ್ಲ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ನಾಮಕರಣಕ್ಕೆ ಅಮ್ಮಾವ್ರು ಬಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ಅಮ್ಮನ ಜೊತೆ ಹಣ್ಣು ಕುಯ್ದ ಮುದುಕಿಯರು ಹಿಂದಿನ ಜಮಖಾನದ ಮೇಲೆ ಕೂತರು. ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಗೆ ಗೌರಿ ಅಂದೆ. ಕಿವಿಯಲ್ಲಿ ಹೇಳಿದ್ದು ಕಿವಿಯಲ್ಲೇ ಉಳಿದರೆ ಏನು ಬಂತು? ಎದ್ದು ನಿಂತು, ಅಂಗನವಾಡಿಯಲ್ಲಿ ಮಾಡುವ ದೊಡ್ಡ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಮತ್ತೆ ಗೌರಿ ಅಂದೆ. ತಮ್ಮ ತಲೆ ತಗ್ಗಿಸಿದ. ಅಮ್ಮಾವ್ರ ನಗು ಮುಖದಲ್ಲೇ ಇತ್ತು. ಹಿಂದಿನಿಂದ ಒಬ್ಬ ಮುದುಕಿ, ಇದು ಯಾರ ಕಡೆಯ ಹೆಸರು ಎಂದು ಪಕ್ಕದವಳನ್ನು ಕೇಳಿದಳು.

"ನಮ್ಮಮ್ಮಂದು" ಅಂದೆ.

"ಸಣ್ಣಿಗೆ ಬೇರೆ ಹೆಸ್ರಿತ್ತಾ?" ಅಂದಳು ಅವಳು. ಎಷ್ಟೋ ವರ್ಷ ಅಮ್ಮನ ಪಕ್ಕದ ಗಿಡದಲ್ಲಿ ಹಣ್ಣು ಕುಯ್ದವಳು, ಒಂದೇ ಎಲೆಯಡಿಕೆ ಸಂಚಿಗೆ ಕೈ ಹಾಕಿದವಳು. ನನಗೆ ಅಳು ಬಂತು, ಸಿಟ್ಟೂ ಬಂತು. ಇತ್ತು ಅಂದೆ. ಅಮ್ಮಾವ್ರು ಮಗುವಿನ ಕಾಲಿಗೆ ತಾವೇ ಬೆಳ್ಳಿ ಗೆಜ್ಜೆ ತೊಡಿಸಿ, ಊಟ ಮಾಡದೆ ಹೋದರು.

ಆಕಾಶವೇನೂ ತಲೆ ಮೇಲೆ ಬೀಳಲಿಲ್ಲ. ತಮ್ಮನ ಕೆಲಸ ಹೋಗಲಿಲ್ಲ. ಆದರೆ ಕೆಲವು ದಿನಗಳಲ್ಲೇ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಅವನು ಮಗಳನ್ನು ಪುಟ್ಟಿ ಅಂತ ಕರೆಯತೊಡಗಿದ್ದ. ಹೆಂಡತಿಯೂ ಪುಟ್ಟಿ, ನೆರೆಯವರೂ ಪುಟ್ಟಿ. ಮುದ್ದಿಗೆ ಕರೆಯುತ್ತಾರೆ, ಎಲ್ಲ ಮನೆಯಲ್ಲೂ ಇದ್ದದ್ದೇ ಎಂದು ನಾನೂ ಸುಮ್ಮನಿರಬಹುದಿತ್ತು. ಆದರೆ ಬಂಗಲೆಯ ಎದುರು ಹಾದುಹೋಗುವಾಗ ಅವನ ದನಿ ತಗ್ಗುತ್ತಿತ್ತು. ಈ ಸಲ ರೈಟರೇ ಬೇಕಾಗಿರಲಿಲ್ಲ, ನನ್ನ ತಮ್ಮನೇ ಇನ್ನೊಬ್ಬ ಸಣ್ಣಿಯನ್ನು ತಯಾರು ಮಾಡುತ್ತಿದ್ದ. ಅವತ್ತು ಅವನಿಗೆ ಬೈದಷ್ಟು ನಾನು ಜೀವನದಲ್ಲಿ ಯಾರಿಗೂ ಬೈದಿಲ್ಲ. ಅವನು ನನ್ನ ಜೊತೆ ಮಾತು ಬಿಟ್ಟ.

ತಿಂಗಳಿಗೊಮ್ಮೆ ನಾನು ಎಸ್ಟೇಟಿಗೆ ಹೋಗಿ ಎಳೆಯ ಮಕ್ಕಳ ತೂಕ ನೋಡಬೇಕು. ತಕ್ಕಡಿ ನೇತು ಹಾಕುವುದು ಅದೇ ಕಣದ ಶೆಡ್ಡಿನಲ್ಲಿ. ಮೊನ್ನೆ ಹೋದಾಗ ಬಂಗಲೆಗೆ ಮೊಮ್ಮಗಳು ಬಂದಿದ್ದಳು, ಅಮ್ಮಾವ್ರು ಅವಳನ್ನು ಎತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು. ಸುತ್ತ ಅಸ್ಸಾಮಿನ ತಾಯಂದಿರು, ನಮ್ಮ ಲೈನಿನ ತಾಯಂದಿರು. ನನ್ನ ತಮ್ಮ, ಮಗಳನ್ನು ಎದೆಗೆ ಒರಗಿಸಿಕೊಂಡು, ದೂರದಲ್ಲಿ ಜೀಪಿನ ಹತ್ತಿರ ನಿಂತಿದ್ದ. ಅವನ ಕಡೆ ನೋಡದೆ ನಾನು ಒಂದೊಂದೇ ಹೆಸರು ಕೂಗಿದೆ. ಬಿಕಾಶನ ತಂಗಿ ಮಮೋನಿ ಬಂದಳು, ಆಮೇಲೆ ಜನ್ವಿತ್ ಬಂದ. ಆಮೇಲೆ ಗೌರಿ ಎಂದು ಕೂಗಿದೆ. ಜಗಲಿಯಲ್ಲಿ ಅಮ್ಮಾವ್ರು ತಲೆ ಎತ್ತಿದರು. ಜೀಪಿನ ಹತ್ತಿರದಿಂದ ತಮ್ಮ ಕದಲಲಿಲ್ಲ. ಮತ್ತೆ ಕೂಗಿದೆ. ಬರದಿದ್ದರೆ ಸಂಜೆಯವರೆಗೂ ಕೂಗುತ್ತಿದ್ದೆ.

ಕಣದ ನಡುವೆ ತಮ್ಮ ನಡೆದುಕೊಂಡು ಬಂದ, ಜಗಲಿಯ ಎದುರಿಗೇ ಬಂದ. ಮಗುವನ್ನು ನನ್ನ ಕೈಗೆ ಕೊಡುವ ಮೊದಲು, ನಾನು ಕೂಗಿದ್ದಕ್ಕಿಂತ ಗಟ್ಟಿಯಾಗಿ ಹೇಳಿದ: "ಗೌರಿ ಬಂದಿದಾಳೆ ಅಕ್ಕ. ತೂಕ ನೋಡು."