ಸಪ್ಪೆ ಅಕ್ಕನ ಊಟ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಸ್ ಡಿಪೋದ ಕ್ಯಾಂಟೀನಿನಲ್ಲಿ ಆಗಲೇ ಒಲೆ ಹೊತ್ತಿದೆ. ಹೊರಗೆ ಬಸ್ಸುಗಳು ಕೆಮ್ಮುತ್ತ ಏಳುತ್ತಿದ್ದರೆ, ಒಳಗೆ ಅಡುಗೆಯಾಕೆ ನೆನೆದ ಕಾಳು ತೊಳೆದಿಟ್ಟು ಕುಂಬಳಕಾಯಿ ಹೆಚ್ಚುತ್ತಿದ್ದಾರೆ. ಮಧ್ಯಾಹ್ನಕ್ಕೆ ಇನ್ನೂರು ಜನರ ಊಟವಾಗಬೇಕು. ಉಣ್ಣುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದ ಗಂಡಸರು. ಸ್ಟೀರಿಂಗ್ ಹಿಂದೆ ಕೂತು ಹೊಟ್ಟೆ ಬೆಳೆಸಿಕೊಂಡವರು, ಬಿಪಿ, ಶುಗರ್ ಎಂದರೆ ಪಕ್ಕದ ಮನೆಯವರ ಸುದ್ದಿ ಎಂಬಂತೆ ಕೇಳುವವರು.

ಅವರು ಈಕೆಗಿಟ್ಟ ಹೆಸರು ಸಪ್ಪೆ ಅಕ್ಕ.

"ಅಕ್ಕಾ, ಉಪ್ಪು ಊರು ಬಿಟ್ಟು ಹೋಯ್ತಾ?" ಎಂದು ಒಬ್ಬ ಕೇಳಿದರೆ ಸಾಲಿಗೆ ಸಾಲೇ ನಗುತ್ತದೆ.

"ಹೋದ್ರೆ ಹೋಗ್ಲಿ, ನೀನು ಇರು. ಕೂತ್ಕೊಂಡು ತಿನ್ನು," ಎಂದು ಇವರೂ ಬಿಡುವುದಿಲ್ಲ.

ಮೊದಲು ಇದೇ ಕೈ ದಿನವಿಡೀ ಎಣ್ಣೆ ಬಾಣಲೆಯ ಮುಂದಿತ್ತು. ಕರಿದದ್ದಕ್ಕೆ ಜನ ಮುಗಿಬೀಳುತ್ತಿದ್ದರು. ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ಅಕ್ಕ ಡಬ್ಬಿಗೆ ತುಂಬಿ ಮನೆಗೆ ಒಯ್ಯುತ್ತಿದ್ದರು. ಗಂಡ ಇದೇ ಡಿಪೋದಲ್ಲಿ ಡ್ರೈವರ್ ಆಗಿದ್ದರು.

"ಅವರಿಗೆ ಬಿಪಿ ಇತ್ತು. ಮಾತ್ರೆ ಕೊಡ್ತಿದ್ದೋಳೂ ನಾನೇ, ಕರಿದದ್ದು ಬಡಿಸ್ತಿದ್ದೋಳೂ ನಾನೇ," ಎನ್ನುವಾಗ ಅವರ ಕೈ ನಿಲ್ಲುತ್ತದೆ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ. ನಾನು ಊರಿಗೂ ಮಾರಿನೇ ಆಗಿದ್ದೆ."

ಒಂದು ಭಾನುವಾರ ಊಟ ಮುಗಿಸಿದ ಗಂಡ ಎದೆಯುರಿ ಎಂದರು. ಅಕ್ಕ ಮಜ್ಜಿಗೆ ಕುಡಿಸಿ ಮಲಗಿಸಿದರು. ಮತ್ತೆ ಏಳಲಿಲ್ಲ. ವಯಸ್ಸು ನಲವತ್ತೊಂಬತ್ತು. ಆ ಮಜ್ಜಿಗೆಯ ಲೋಟದ ಮಾತು ಬಂದಾಗ ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಕೆಲಸಕ್ಕೆ ಮರಳಿದ ದಿನವೇ ಬಾಣಲೆಯನ್ನು ಅಟ್ಟಕ್ಕೆ ಹಾಕಿದರು. ಕ್ಯಾಂಟೀನಿನ ಮ್ಯಾನೇಜರ್ ಅರೆಮನಸ್ಸಿನಿಂದ ಒಪ್ಪಿದ್ದಾರೆ: ತಟ್ಟೆಗಳು ತುಂಬಿದ ಹಾಗೇ ವಾಪಸು ಬಂದರೆ ಮುಂದಿನ ತಿಂಗಳು ಬಾಣಲೆ ಕೆಳಗಿಳಿಯುತ್ತದೆ. ಅದಕ್ಕೇ ಅಕ್ಕ ಬಡಿಸುವ ಕೆಲಸ ಬೇರೆಯವರಿಗೆ ಬಿಟ್ಟು, ಎಂಜಲು ತಟ್ಟೆ ಇಡುವ ಕಡೆ ನಿಂತು ಯಾರು ಎಷ್ಟು ಬಿಟ್ಟರೆಂದು ನೋಡುತ್ತಾರೆ.

ದಿನವೂ ಊಟ ಮುಟ್ಟದೆ ತಟ್ಟೆ ಇಟ್ಟು, ಗೇಟಿನಾಚೆಯ ಗಾಡಿಯಲ್ಲಿ ಕರಿದದ್ದು ತಿನ್ನುತ್ತಿದ್ದವರು ವರ್ಕ್‌ಶಾಪಿನ ಮೇಸ್ತ್ರಿ. ಹೋದ ವಾರ ಅವರು ಎದೆ ನೀವಿಕೊಳ್ಳುತ್ತ ಬಂದದ್ದು ಅಕ್ಕನ ಕಣ್ಣಿಗೆ ಬಿತ್ತು.

"ಏನಣ್ಣಾ ಅದು?"

"ಗ್ಯಾಸು, ಅಷ್ಟೇ."

"ನಮ್ಮನೆಯವರೂ ಹಿಂಗೇ ಅಂದಿದ್ರು."

ಅಕ್ಕ ಅವರ ತೋಳು ಹಿಡಿದು ಆಟೋ ಹತ್ತಿಸಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಆಸ್ಪತ್ರೆಯಲ್ಲಿ. ಈಗ ಮೇಸ್ತ್ರಿ ಮನೆಯಲ್ಲಿದ್ದಾರೆ. ಅವರ ಪಾಲಿನ ಊಟ ಇಲ್ಲಿಂದಲೇ ಹೋಗುತ್ತದೆ. ಸಪ್ಪೆ, ಬರೀ ಸಪ್ಪೆ ಎಂಬ ಬೈಗುಳ ಡಬ್ಬಿಯ ಜೊತೆಗೇ ವಾಪಸು ಬರುತ್ತದೆ.

ಬೇಜಾರಾಗುವುದಿಲ್ಲವೇ ಎಂದರೆ ಅಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

"ಬೈಲಿ ಬಿಡಿ. ಬೈಯೋಕಾದ್ರೂ ಇರ್ಲಿ. ನಮ್ಮನೆಯವರು ಒಂದಿನಾನೂ ಬೈಲಿಲ್ಲ. ನಾನು ಏನು ಹಾಕಿದ್ರೂ ಚೆನ್ನಾಗಿದೆ ಅಂತ ತಿಂದ್ಬಿಟ್ರು."